ಲಾಗ್‌ನಲ್ಲಿ ಸಿಕ್ಕಿಬೀಳುವ ಪಾಸ್‌ವರ್ಡ್: ಓದುಗರ ಪ್ರಶ್ನೆ, ನಮ್ಮ ಉತ್ತರ

ಪಾಸ್‌ವರ್ಡ್, ಟೋಕನ್, ಎಪಿಐ ಕೀಗಳು (ಒಳಗೆ ಬಿಡಿಸುವ ಗುಪ್ತ ಅಕ್ಷರಸಾಲುಗಳು) ಅಪ್ಲಿಕೇಶನ್ ಲಾಗ್‌ಗೆ, ಅಂದರೆ ಪ್ರೋಗ್ರಾಂ ತನ್ನ ನಡೆಯನ್ನು ಬರೆದಿಡುವ ದಾಖಲೆಗೆ, ಜಾರಿಬೀಳುವ ಬಗ್ಗೆ ಬಂದ ಪ್ರಶ್ನೆಗಳನ್ನು ಈ ಸಂಚಿಕೆಗೆ ಆರಿಸಿದ್ದೇವೆ. ಭದ್ರತಾ ಲೋಪಗಳ ಪಟ್ಟಿಯಲ್ಲಿ ಇದಕ್ಕೆ ಸ್ವಂತ ನಂಬರೇ ಇದೆ: ಸಿಡಬ್ಲ್ಯುಇ-532. ಕಳ್ಳ ಬೀಗ ಒಡೆದು ಒಳಗೆ ಬರುವ ಬಗೆಯ ಲೋಪವಲ್ಲ ಇದು. ಮನೆಯವರೇ ಕೀಲಿಕೈಯನ್ನು ಲೆಕ್ಕದ ಪುಸ್ತಕದ ನಡುವೆ ಇಟ್ಟು ಮರೆಯುವ ಬಗೆಯದು.

ಪಾಸ್‌ವರ್ಡನ್ನು ಹ್ಯಾಶ್ ಮಾಡಿಯೇ (ಹಿಂದಕ್ಕೆ ಬಿಡಿಸಲಾಗದ ಸಂಕೇತವಾಗಿಸಿ) ಡೇಟಾಬೇಸ್‌ನಲ್ಲಿ ಇಡುತ್ತಾರೆ, ಮೂಲ ಪಾಸ್‌ವರ್ಡ್ ಕಂಪನಿಗೂ ತಿಳಿಯುವುದಿಲ್ಲ ಎಂದು ಪಾಠದಲ್ಲಿದೆ. ಹಾಗಿದ್ದರೆ ಲಾಗ್‌ನಲ್ಲಿ ಮೂಲ ಪಾಸ್‌ವರ್ಡ್ ಬರುವುದು ಹೇಗೆ?
— ಎಂಸಿಎ ವಿದ್ಯಾರ್ಥಿನಿ, ಶಿವಮೊಗ್ಗ

ಹ್ಯಾಶ್ ಆಗುವುದು ದಾರಿಯ ಕೊನೆಯಲ್ಲಿ. ಬಳಕೆದಾರ ಒತ್ತಿದ ಪಾಸ್‌ವರ್ಡ್ ಗೂಢಲಿಪಿಯಲ್ಲಿ ಬರುತ್ತದೆ, ನಿಜ. ಆದರೆ ಆ ಗೂಢಲಿಪಿ ಲೋಡ್ ಬ್ಯಾಲೆನ್ಸರ್‌ನಲ್ಲೋ ವೆಬ್ ಸರ್ವರ್‌ನಲ್ಲೋ ಬಿಚ್ಚಿಕೊಳ್ಳುತ್ತದೆ. ಅಲ್ಲಿಂದ ಹ್ಯಾಶ್ ಮಾಡುವ ಸಾಲಿನವರೆಗೆ ಫೈರ್‌ವಾಲ್, ಫ್ರೇಮ್‌ವರ್ಕ್, ಮಿಡಲ್‌ವೇರ್, ಫಾರ್ಮ್ ಪರಿಶೀಲನೆ, ಹೀಗೆ ನಾಲ್ಕಾರು ಕೈ ದಾಟುತ್ತದೆ. ಅಷ್ಟೂ ಹೊತ್ತು ಅದು ಬರೀ ಅಕ್ಷರ. ಆ ನಾಲ್ಕಾರು ಕೈಗಳಲ್ಲಿ ಒಂದು 'ಬಂದ ರಿಕ್ವೆಸ್ಟ್ ಇದು' ಎಂದು ಬರೆದಿಟ್ಟರೂ ಮುಂದಿನ ಹ್ಯಾಶ್ ಎಷ್ಟೇ ಗಟ್ಟಿಯಿದ್ದರೂ ಉಪಯೋಗವಿಲ್ಲ.

2018ರ ಮೇ 3ರಂದು ಟ್ವಿಟ್ಟರ್ ಒಪ್ಪಿಕೊಂಡದ್ದು ಇದನ್ನೇ. ಅವರು ಬಳಸುತ್ತಿದ್ದುದು ಬಿಕ್ರಿಪ್ಟ್ ಎಂಬ ಒಳ್ಳೆಯ ಹ್ಯಾಶ್. ಆದರೆ ಹ್ಯಾಶ್ ಕೆಲಸ ಮುಗಿಯುವ ಮುಂಚೆಯೇ ಪಾಸ್‌ವರ್ಡ್ ಒಳಗಿನ ಲಾಗ್ ಒಂದಕ್ಕೆ ಹೋಗುತ್ತಿತ್ತು. ಸುಮಾರು 33 ಕೋಟಿ ಬಳಕೆದಾರರಿಗೆ ಪಾಸ್‌ವರ್ಡ್ ಬದಲಿಸಲು ಹೇಳಬೇಕಾಯಿತು. ಅದೇ ವಾರ ಗಿಟ್‌ಹಬ್ ಕೂಡ ತನ್ನ ಪಾಸ್‌ವರ್ಡ್ ಮರುಹೊಂದಿಕೆಯಲ್ಲಿ ಇದೇ ಬಗೆಯ ದೋಷವಿದ್ದದ್ದನ್ನು ಕೆಲವು ಬಳಕೆದಾರರಿಗೆ ತಿಳಿಸಿತ್ತು. ಮರುವರ್ಷ ಮಾರ್ಚ್‌ನಲ್ಲಿ ಫೇಸ್‌ಬುಕ್ ಸರದಿ. ಪತ್ರಕರ್ತ ಬ್ರಯಾನ್ ಕ್ರೆಬ್ಸ್ ವರದಿ ಮಾಡಿದಂತೆ 20ರಿಂದ 60 ಕೋಟಿ ಪಾಸ್‌ವರ್ಡ್‌ಗಳು, ಕೆಲವು 2012ರಷ್ಟು ಹಳೆಯವು, 20,000ಕ್ಕೂ ಹೆಚ್ಚು ಉದ್ಯೋಗಿಗಳು ಹುಡುಕಿ ತೆಗೆಯಬಹುದಾದ ಕಡೆ ಬಿದ್ದಿದ್ದವು. ಹೊರಗಿನವರು ಯಾರೂ ನೋಡಿಲ್ಲ ಎಂದು ಕಂಪನಿ ಹೇಳಿತು. ಆದರೂ 2024ರ ಸೆಪ್ಟೆಂಬರ್‌ನಲ್ಲಿ ಐರ್ಲೆಂಡಿನ ಡೇಟಾ ರಕ್ಷಣಾ ಆಯೋಗ ಮೆಟಾಗೆ 9.1 ಕೋಟಿ ಯೂರೋ ದಂಡ ಹಾಕಿತು. 'ಒಳಗಿನ ಲಾಗ್ ತಾನೇ' ಎನ್ನುವ ಮ್ಯಾನೇಜರ್‌ಗೆ ತೋರಿಸಲು ಇದಕ್ಕಿಂತ ಒಳ್ಳೆಯ ಅಂಕಿ ಇಲ್ಲ.

ವೆಬ್ ಫೈರ್‌ವಾಲ್‌ನ ಒಂದು ತಮಾಷೆ ಇಲ್ಲೇ ಹೇಳಿಬಿಡಬೇಕು. ಮಾಡ್‌ಸೆಕ್ಯುರಿಟಿಯಂಥ ಫೈರ್‌ವಾಲ್ ಅನುಮಾನ ಬಂದ ರಿಕ್ವೆಸ್ಟನ್ನು ಆಡಿಟ್ ಲಾಗ್‌ಗೆ ಬರೆಯುತ್ತದೆ. ಆ ಲಾಗ್‌ನ 'ಸಿ' ಭಾಗವೆಂದರೆ ರಿಕ್ವೆಸ್ಟ್‌ನ ಇಡೀ ಒಡಲು. ಅನುಮಾನ ಬರುವುದಾದರೂ ಯಾವಾಗ? ಪಾಸ್‌ವರ್ಡ್‌ನಲ್ಲಿ ಉದ್ಧರಣ ಚಿಹ್ನೆ, ಅಡ್ಡಗೆರೆ, ಸೆಮಿಕೋಲನ್ ಎಲ್ಲ ಸೇರಿ, ಡೇಟಾಬೇಸ್‌ಗೆ ಕಳ್ಳ ಆಜ್ಞೆ ತೂರಿಸುವ ಎಸ್‌ಕ್ಯುಎಲ್ ದಾಳಿಯಂತೆ ಕಂಡಾಗ. ಹಾಗಾಗಿ ಗಟ್ಟಿ ಪಾಸ್‌ವರ್ಡ್ ಇಟ್ಟವರದ್ದೇ ಮೊದಲು ಲಾಗ್ ಸೇರುತ್ತದೆ. ಲಾಗಿನ್ ಪುಟಕ್ಕಾದರೂ ಆಡಿಟ್ ಲಾಗ್‌ನ ಸಿ ಭಾಗವನ್ನು ತೆಗೆದುಹಾಕಿ.

ನಮ್ಮ ಕೋಡ್‌ನಲ್ಲಿ ಪಾಸ್‌ವರ್ಡ್ ಅಥವಾ ಟೋಕನ್ ಪ್ರಿಂಟ್ ಮಾಡುವ ಒಂದು ಸಾಲೂ ಇಲ್ಲ. ಇಡೀ ಕೋಡ್ ಹುಡುಕಿ ನೋಡಿದ್ದೇವೆ. ಆದರೂ ಲಾಗ್‌ನಲ್ಲಿ ಬೇರರ್ ಟೋಕನ್ (ಹಿಡಿದವರಿಗೆಲ್ಲ ಪ್ರವೇಶ ಕೊಡುವ ಟೋಕನ್) ಸಿಗುತ್ತಿದೆ. ಎಲ್ಲಿಂದ?
— ಬ್ಯಾಕೆಂಡ್ ಎಂಜಿನಿಯರ್, ಬೆಂಗಳೂರು

ನೀವು ಹುಡುಕಿದ್ದು 'ಪಾಸ್‌ವರ್ಡ್' ಎಂಬ ಪದವನ್ನು. ಹುಡುಕಬೇಕಾದದ್ದು ಇಡೀ ವಸ್ತುವನ್ನು ಪ್ರಿಂಟ್ ಮಾಡುವ ಸಾಲುಗಳನ್ನು. ಸೋರಿಕೆಯ ಬಹುಪಾಲು ಎರರ್ ಬಂದ ಗಳಿಗೆಯಲ್ಲಿ ಆಗುತ್ತದೆ. ಎರರ್ ಹಿಡಿದ ಕೈ ಯಾವಾಗಲೂ ಇದ್ದದ್ದೆಲ್ಲ ಬರೆದುಬಿಡೋಣ ಅನ್ನುತ್ತದೆ.

ನೋಡ್ (ಸರ್ವರ್‌ನಲ್ಲಿ ಓಡುವ ಜಾವಾಸ್ಕ್ರಿಪ್ಟ್) ಬಳಸುತ್ತಿದ್ದರೆ ಮೊದಲು ರಿಕ್ವೆಸ್ಟ್ ಕಳಿಸುವ ಆಕ್ಸಿಯೋಸ್ ಲೈಬ್ರರಿ ಮೇಲೆ ಕಣ್ಣಿಡಿ. ರಿಕ್ವೆಸ್ಟ್ ವಿಫಲವಾದಾಗ ಅದು ಕೊಡುವ ಎರರ್ ಆಬ್ಜೆಕ್ಟ್‌ನೊಳಗೆ ಕಾನ್ಫಿಗ್ ಎಂಬ ಭಾಗವಿದೆ. ಅದರಲ್ಲಿ ನೀವು ಕಳಿಸಿದ ಹೆಡರ್‌ಗಳೆಲ್ಲ ಇರುತ್ತವೆ, ಅಥರೈಸೇಶನ್ ಹೆಡರ್ ಸಹ. 'ಕನ್ಸೋಲ್ ಲಾಗ್ ಎರರ್' ಎಂದು ಬರೆದ ಆ ಮುಗ್ಧ ಸಾಲೇ ನಿಮ್ಮ ಟೋಕನ್‌ನ ಮೂಲವಾಗಿರುವ ಸಾಧ್ಯತೆ ಹೆಚ್ಚು. ಇನ್ನೊಂದು ಕೊಕ್ಕೆ: ಕಾನ್ಫಿಗ್‌ನ ಡೇಟಾ ಭಾಗದಲ್ಲಿ ಕಳಿಸಿದ ಜೇಸನ್ ಒಂದೇ ಉದ್ದ ಸ್ಟ್ರಿಂಗ್ ಆಗಿ ಕೂತಿರುತ್ತದೆ. ಫೀಲ್ಡ್ ಹೆಸರು ನೋಡಿ ಮರೆಮಾಚುವ ಲೈಬ್ರರಿಗೆ ಸ್ಟ್ರಿಂಗ್‌ನೊಳಗಿನ ಪಾಸ್‌ವರ್ಡ್ ಕಾಣುವುದೇ ಇಲ್ಲ. ಎರರ್‌ನಿಂದ ಸಂದೇಶ, ಕೋಡ್, ಸ್ಟೇಟಸ್, ವಿಧಾನ, ಕ್ವೆರಿ ಭಾಗ ತೆಗೆದ ಯುಆರ್‌ಎಲ್, ಈ ಐದನ್ನು ಮಾತ್ರ ಆರಿಸಿ ಬರೆಯಿರಿ.

ಪೈಥಾನ್‌ನ ರಿಕ್ವೆಸ್ಟ್ಸ್ ಲೈಬ್ರರಿ ಹೆಡರ್ ಬರೆಯುವುದಿಲ್ಲ, ಯುಆರ್‌ಎಲ್ ಬರೆಯುತ್ತದೆ. ಸಂಪರ್ಕ ಸಿಗದಿದ್ದರೂ 404 ಬಂದರೂ ಎರರ್ ಸಂದೇಶದಲ್ಲೇ ಪೂರ್ತಿ ವಿಳಾಸ. ಪ್ರಶ್ನಾರ್ಥಕ ಚಿಹ್ನೆಯ ಆಚೆ ಎಪಿಐ ಕೀ ಇದ್ದರೆ ಅದೂ ಜೊತೆಗೆ. ನಮ್ಮಲ್ಲಿ ಒಟಿಪಿ ಕಳಿಸುವ ಎಸ್‌ಎಂಎಸ್ ಗೇಟ್‌ವೇಗಳಲ್ಲಿ ಹಳೆಯ ಪದ್ಧತಿಯವು ಯೂಸರ್‌ನೇಮ್, ಪಾಸ್‌ವರ್ಡ್, ಮೊಬೈಲ್ ನಂಬರ್, ಸಂದೇಶ ನಾಲ್ಕನ್ನೂ ಯುಆರ್‌ಎಲ್‌ನಲ್ಲೇ ಬೇಡುತ್ತವೆ. ಗೇಟ್‌ವೇ ಐದು ನಿಮಿಷ ನಿಂತರೆ ಸಾಕು, ಲಾಗ್ ತುಂಬ ಒಟಿಪಿ. ಒಟಿಪಿ ಕೆಲವು ನಿಮಿಷಕ್ಕೆ ಸಾಯುತ್ತದೆ. ಗೇಟ್‌ವೇ ಪಾಸ್‌ವರ್ಡ್ ಸಾಯುವುದಿಲ್ಲ. ಅದನ್ನು ಹಿಡಿದವರು ನಿಮ್ಮ ಸಂಸ್ಥೆಯ ಹೆಸರಲ್ಲೇ ಊರಿಗೆಲ್ಲ ಎಸ್‌ಎಂಎಸ್ ಕಳಿಸಬಹುದು.

ಜಾವಾದಲ್ಲಿ ಲಾಂಬಾಕ್‌ನ ಡೇಟಾ ಟಿಪ್ಪಣಿ ಹಾಕಿದ ಕ್ಲಾಸ್‌ಗೂ ರೆಕಾರ್ಡ್‌ಗಳಿಗೂ ಟೂಸ್ಟ್ರಿಂಗ್ (ವಸ್ತುವನ್ನು ಅಕ್ಷರವಾಗಿಸುವ ಮೆಥಡ್) ತಾನಾಗಿ ಹುಟ್ಟುತ್ತದೆ, ಎಲ್ಲ ಫೀಲ್ಡ್‌ಗಳ ಸಮೇತ. 'ಲಾಗಿನ್ ವಿಫಲ' ಎಂದು ಬರೆದು ಪಕ್ಕದಲ್ಲಿ ರಿಕ್ವೆಸ್ಟ್ ಆಬ್ಜೆಕ್ಟ್ ಹಾಕಿದಿರೋ, ಮುಗಿಯಿತು. ಲಾಂಬಾಕ್‌ನಲ್ಲಾದರೆ ಆ ಫೀಲ್ಡ್ ಮೇಲೆ ಟೂಸ್ಟ್ರಿಂಗ್ ಎಕ್ಸ್‌ಕ್ಲೂಡ್ ಹಾಕಿ. ರೆಕಾರ್ಡ್‌ಗೆ ಟೂಸ್ಟ್ರಿಂಗನ್ನು ನೀವೇ ಬರೆಯಬೇಕು. ಗೋ ಭಾಷೆಯವರು ಪರ್ಸೆಂಟ್-ಪ್ಲಸ್-ವಿ ಹಾಕಿ ಸ್ಟ್ರಕ್ಟ್ ಪ್ರಿಂಟ್ ಮಾಡುವಾಗ ಹುಷಾರು. ಸೀಕ್ರೆಟ್‌ಗೆಂದು ಬೇರೆ ಟೈಪ್ ಮಾಡಿ ಅದಕ್ಕೆ ನಕ್ಷತ್ರ ತೋರಿಸುವ ಸ್ಟ್ರಿಂಗ್ ಮೆಥಡ್ ಬರೆದಿದ್ದರೂ, ಆ ಫೀಲ್ಡ್ ಸಣ್ಣಕ್ಷರದಿಂದ ಶುರುವಾದರೆ ಗೋದ ಫಾರ್ಮ್ಯಾಟರ್ ನಿಮ್ಮ ಮೆಥಡನ್ನು ಕರೆಯುವುದಿಲ್ಲ, ಒಳಗಿನ ಮೌಲ್ಯವನ್ನೇ ಬರೆಯುತ್ತದೆ. ಟೆಸ್ಟ್ ಬರೆಯದೆ ಇದು ಕಣ್ಣಿಗೆ ಬೀಳುವುದಿಲ್ಲ.

ಇನ್ನು ವೆಬ್ ಸರ್ವರ್ ಎಂಜಿನ್‌ಎಕ್ಸ್. ಅದರ ಮಾಮೂಲಿ ಕಂಬೈನ್ಡ್ ಲಾಗ್ ಮಾದರಿ ರಿಕ್ವೆಸ್ಟ್‌ನ ಮೊದಲ ಸಾಲನ್ನು ಕ್ವೆರಿ ಸಹಿತ ಬರೆಯುತ್ತದೆ. ಆಕ್ಸೆಸ್ ಲಾಗ್‌ಗೆ ಯುಆರ್‌ಐ ವೇರಿಯಬಲ್ ಮಾತ್ರ ಇರುವ ಸ್ವಂತ ಮಾದರಿ ಕೊಡಬಹುದು. ಆದರೆ ಎರರ್ ಲಾಗ್‌ನ ಮಾದರಿ ಬದಲಿಸಲು ಬರುವುದಿಲ್ಲ, ಅಲ್ಲಿ ಇಡೀ ಸಾಲು ಬಂದೇ ಬರುತ್ತದೆ. ಆ ಯುಆರ್‌ಎಲ್ ರೆಫರರ್ ಹೆಡರ್ (ಯಾವ ಪುಟದಿಂದ ಬಂದಿರಿ ಎಂಬ ಮಾಹಿತಿ) ಮೂಲಕ ಇನ್ನೊಬ್ಬರ ಸರ್ವರ್ ಲಾಗ್‌ಗೂ ಹೋಗಬಹುದು. ಆದ್ದರಿಂದ ಟೋಕನ್ ಯುಆರ್‌ಎಲ್‌ನಲ್ಲಿ ಇರಲೇಕೂಡದು, ಹೆಡರ್‌ಗೆ ಸಾಗಿಸಿ.

ಲಾಗ್‌ಗೆ ಹೋಗುವ ಮುಂಚೆ ಒಂದು ರೆಜೆಕ್ಸ್ (ಅಕ್ಷರಗಳ ಮಾದರಿ ಹುಡುಕುವ ಸೂತ್ರ) ಫಿಲ್ಟರ್ ಇಟ್ಟಿದ್ದೇವೆ. ಪಾಸ್‌ವರ್ಡ್, ಟೋಕನ್, ಸೀಕ್ರೆಟ್ ಎಂಬ ಹೆಸರು ಕಂಡರೆ ನಕ್ಷತ್ರ ಹಾಕುತ್ತದೆ. ಸಾಕಲ್ಲವೇ?
— ಸಾಫ್ಟ್‌ವೇರ್ ಎಂಜಿನಿಯರ್, ಮೈಸೂರು

ಇರಲಿ, ತೆಗೆಯಬೇಡಿ. ಆದರೆ ಅದನ್ನೇ ನಂಬಿ ಕೂರಬೇಡಿ. ನೀವು ಚಾಪೆ ಕೆಳಗೆ ತೂರಿದರೆ ಟೋಕನ್ ರಂಗೋಲಿ ಕೆಳಗೆ ತೂರುತ್ತದೆ. ಫೀಲ್ಡ್ ಹೆಸರು 'ಪಿಡಬ್ಲ್ಯುಡಿ' ಆಗಿರುತ್ತದೆ, 'ಪಾಸ್‌ಫ್ರೇಸ್' ಆಗಿರುತ್ತದೆ, 'ಕ್ರೆಡ್' ಆಗಿರುತ್ತದೆ. ಡೇಟಾಬೇಸ್ ಸಂಪರ್ಕದ ವಿಳಾಸದಲ್ಲಿ ಹೆಸರೇ ಇರುವುದಿಲ್ಲ, ಕೋಲನ್‌ಗೂ ಆ್ಯಟ್ ಚಿಹ್ನೆಗೂ ನಡುವೆ ಪಾಸ್‌ವರ್ಡ್ ಕೂತಿರುತ್ತದೆ. ಬೇಸ್64 (ಡೇಟಾವನ್ನು 64 ಅಕ್ಷರಗಳಲ್ಲಿ ಬರೆಯುವ ರೂಪ) ಆದರೆ ರೆಜೆಕ್ಸ್‌ಗೆ ಗುರುತೇ ಸಿಗದು. ಉದ್ದ ಸಾಲನ್ನು ಲಾಗ್ ಏಜೆಂಟ್ ಎರಡು ತುಂಡು ಮಾಡಿದರೆ ಹೆಸರು ಒಂದು ತುಂಡಿನಲ್ಲಿ, ಮೌಲ್ಯ ಇನ್ನೊಂದರಲ್ಲಿ.

ದೊಡ್ಡವರೂ ಇಲ್ಲಿ ಎಡವಿದ್ದಾರೆ. ಕಂಟೇನರ್‌ಗಳನ್ನು ನಡೆಸುವ ಕುಬರ್ನೆಟಿಸ್‌ನ ಕ್ಲೈಂಟ್ ಲೈಬ್ರರಿ ಲಾಗ್ ಮಟ್ಟ 7 ಅಥವಾ ಮೇಲಿದ್ದರೆ ಬೇರರ್ ಟೋಕನ್ ಬರೆಯುತ್ತಿತ್ತು, ಅದು ಸಿವಿಇ-2019-11250 (ಸಿವಿಇ ಎಂದರೆ ಪತ್ತೆಯಾದ ಒಂದೊಂದು ಲೋಪಕ್ಕೆ ಕೊಡುವ ನಂಬರ್). ಸರಿಪಡಿಸಿದರು. ಮರುವರ್ಷ ನೋಡಿದರೆ ಮಟ್ಟ 9ರಲ್ಲಿ ಇನ್ನೂ ಸೋರುತ್ತಿತ್ತು. ಅದಕ್ಕೆ ಸಿವಿಇ-2020-8565 ಎಂಬ ಹೊಸ ನಂಬರ್. ಒಂದು ಕಡೆ ಮುಚ್ಚಿದ ತೂತು ಇನ್ನೊಂದು ಕಡೆ ತೆರೆದಿತ್ತು. 'ಡಿಬಗ್ ಮಟ್ಟ ಪ್ರೊಡಕ್ಷನ್‌ನಲ್ಲಿ ಹಾಕುವುದೇ ಇಲ್ಲ' ಎನ್ನುವವರಿಗೂ ಒಂದು ಮಾತು: ಪ್ರೊಡಕ್ಷನ್ ಕೆಟ್ಟು ನಿಂತ ರಾತ್ರಿ ಎರಡು ಗಂಟೆಗೆ ಎಲ್ಲರೂ ಹಾಕುತ್ತಾರೆ, ಬೆಳಗ್ಗೆ ತೆಗೆಯಲು ಮರೆಯುತ್ತಾರೆ.

ನಮ್ಮ ಸಲಹೆ, ಸೋಸುವುದನ್ನು ಕೊನೆಯ ಬಲೆಯಾಗಿ ಇಟ್ಟುಕೊಂಡು ಸೀಕ್ರೆಟ್‌ಗೆ ಅಕ್ಷರರೂಪ ತಾಳುವ ಶಕ್ತಿಯನ್ನೇ ಕಿತ್ತುಕೊಳ್ಳಿ. ಪೈಥಾನ್‌ನ ಪೈಡ್ಯಾಂಟಿಕ್‌ನಲ್ಲಿ ಸೀಕ್ರೆಟ್‌ಸ್ಟ್ರ್ ಎಂಬ ಟೈಪ್ ಇದೆ. ಹೇಗೆ ಪ್ರಿಂಟ್ ಮಾಡಿದರೂ ನಕ್ಷತ್ರಗಳೇ ಬರುತ್ತವೆ. ನಿಜ ಮೌಲ್ಯ ಬೇಕಾದರೆ ಗೆಟ್ ಸೀಕ್ರೆಟ್ ವ್ಯಾಲ್ಯೂ ಎಂದು ಬಾಯಿಬಿಟ್ಟು ಕೇಳಬೇಕು. ಆಮೇಲೆ ಕೋಡ್ ರಿವ್ಯೂ ಮಾಡುವವರಿಗೆ ಆ ಒಂದು ಹೆಸರು ಹುಡುಕಿದರೆ ಸಾಕು, ಸೀಕ್ರೆಟ್ ಎಲ್ಲೆಲ್ಲಿ ತೆರೆದುಕೊಳ್ಳುತ್ತದೆ ಎಂದು ಗೊತ್ತಾಗುತ್ತದೆ. ಗೋದಲ್ಲಿ 1.21ರಿಂದ ಬಂದ ಎಸ್‌ಲಾಗ್‌ಗೆ ಲಾಗ್‌ವ್ಯಾಲ್ಯೂವರ್ ಇದೇ ಕೆಲಸ ಮಾಡುತ್ತದೆ. ರೇಲ್ಸ್‌ನವರಿಗೆ ಫಿಲ್ಟರ್ ಪ್ಯಾರಾಮೀಟರ್ಸ್ ಮೊದಲೇ ಸಿದ್ಧವಾಗಿ ಬರುತ್ತದೆ. ಅದರಲ್ಲಿ ನಿಮ್ಮ ಫೀಲ್ಡ್ ಹೆಸರುಗಳನ್ನು ಸೇರಿಸುವುದಷ್ಟೇ ಬಾಕಿ. ಜಾಂಗೋದಲ್ಲಿ ಸೆನ್ಸಿಟಿವ್ ವೇರಿಯಬಲ್ಸ್ ಎಂಬ ಡೆಕೊರೇಟರ್ ಇದೆ. ಎರರ್ ಬಂದಾಗ ಫಂಕ್ಷನ್ನಿನ ಒಳಗಿನ ವೇರಿಯಬಲ್‌ಗಳನ್ನೂ ಎತ್ತಿಕೊಂಡು ಹೋಗುವ ಕ್ರ್ಯಾಶ್ ವರದಿ ಸೇವೆ ಬಳಸುತ್ತಿದ್ದರೆ ಅಲ್ಲಿಯ ಲೋಕಲ್ ವೇರಿಯಬಲ್ ಸೆಟ್ಟಿಂಗ್ ಬೇರೆಯಾಗಿ ನೋಡಿ.

ಒಂದೇ ಬಳಕೆದಾರನ ಸಾಲುಗಳನ್ನು ಜೋಡಿಸಿ ನೋಡಬೇಕು, ಆದರೆ ಮೊಬೈಲ್ ನಂಬರ್ ಬರೆಯಬಾರದು ಎಂದಾಗ ಬಹಳ ಮಂದಿ ಬರೀ ಹ್ಯಾಶ್ ಹಾಕುತ್ತಾರೆ. ಭಾರತದ ಮೊಬೈಲ್ ನಂಬರ್ 6ರಿಂದ 9ರೊಳಗಿನ ಅಂಕಿಯಿಂದ ಶುರುವಾಗುತ್ತದೆ, ಒಟ್ಟು 400 ಕೋಟಿ ಸಾಧ್ಯತೆ. ಒಂದು ಗ್ರಾಫಿಕ್ಸ್ ಕಾರ್ಡಿಗೆ ಇದು ಕ್ಷಣಗಳ ಕೆಲಸ. ಗುಪ್ತ ಕೀ ಬೆರೆಸಿದ ಎಚ್‌ಮ್ಯಾಕ್ ಮಾಡಿ, ಮೊದಲ 12 ಅಕ್ಷರ ಮಾತ್ರ ಬರೆಯಿರಿ. ಆ ಕೀ ಲಾಗ್ ಸರ್ವರ್ ಮೇಲೆ ಇರಬಾರದು. ಪಾಸ್‌ವರ್ಡ್ ಮತ್ತು ಒಟಿಪಿಗಂತೂ ಯಾವ ಹ್ಯಾಶೂ ಬೇಡ, ಬರೆಯಲೇಬೇಡಿ. ಆರಂಕಿಯ ಒಟಿಪಿಗೆ ಇರುವುದೇ 10 ಲಕ್ಷ ಸಾಧ್ಯತೆ.

ಕೋಡನ್ನು ತಾನಾಗಿ ಬಿಲ್ಡ್ ಮಾಡುವ ಗಿಟ್‌ಹಬ್ ಆ್ಯಕ್ಷನ್ಸ್‌ನಲ್ಲಿ ಸೀಕ್ರೆಟ್‌ಗಳು ಮೂರು ನಕ್ಷತ್ರವಾಗಿ ಕಾಣುತ್ತವೆ. ಹಾಗಾದರೆ ಬಿಲ್ಡ್ ಲಾಗ್ ಬಗ್ಗೆ ಚಿಂತೆ ಬೇಡ ಅಲ್ಲವೇ?
— ಡೆವ್‌ಆಪ್ಸ್ ಕೆಲಸದಲ್ಲಿರುವವರು, ಮಂಗಳೂರು

ಚಿಂತೆ ಬೇಕು. ಆ ನಕ್ಷತ್ರ ಬರುವುದು ನೀವು ಸೀಕ್ರೆಟ್ ಎಂದು ದಾಖಲಿಸಿದ ಅಕ್ಷರಸಾಲು ಇದ್ದ ಹಾಗೇ ಕಂಡಾಗ. ಸ್ವಲ್ಪ ರೂಪ ಬದಲಾದರೂ ಗುರುತು ತಪ್ಪುತ್ತದೆ. ಇಡೀ ಜೇಸನ್ ಫೈಲನ್ನು ಒಂದೇ ಸೀಕ್ರೆಟ್ ಆಗಿ ಇಟ್ಟು ಅದರೊಳಗಿನ ಒಂದು ಕೀ ತೆಗೆದು ಬಳಸಿದರೆ, ಆ ತುಂಡು ಕೀ ರನ್ನರ್‌ಗೆ (ಬಿಲ್ಡ್ ಓಡಿಸುವ ಯಂತ್ರಕ್ಕೆ) ಗೊತ್ತೇ ಇಲ್ಲ. ಒಂದೊಂದು ಕೀಗೂ ಒಂದೊಂದು ಸೀಕ್ರೆಟ್ ಮಾಡಿ. ಬಿಲ್ಡ್ ನಡುವೆ ಹುಟ್ಟುವ ಟೋಕನ್‌ಗಳಿಗೆ ಆ್ಯಡ್-ಮಾಸ್ಕ್ ಆಜ್ಞೆ ಕೊಡಿ, ಅದೂ ಟೋಕನ್ ಮೊದಲ ಸಲ ಕಾಣುವ ಮುಂಚೆ. ಗಿಟ್‌ಲ್ಯಾಬ್‌ನಲ್ಲಿ ಮಾಸ್ಕ್ ಮಾಡಬೇಕಾದ ವೇರಿಯಬಲ್ ಕನಿಷ್ಠ 8 ಅಕ್ಷರವಿದ್ದು ಒಂದೇ ಸಾಲಿನಲ್ಲಿರಬೇಕು. ಹಲವು ಸಾಲಿನ ಪ್ರೈವೇಟ್ ಕೀ ಅಲ್ಲಿ ಹಾಗೆ ಮರೆಯಾಗುವುದಿಲ್ಲ.

ಬ್ಯಾಶ್ ಸ್ಕ್ರಿಪ್ಟಿನ ತಲೆಯಲ್ಲಿ ಅಭ್ಯಾಸಬಲದಿಂದ ಹಾಕುವ 'ಸೆಟ್ ಮೈನಸ್ ಎಕ್ಸ್' ಪ್ರತಿ ಆಜ್ಞೆಯನ್ನೂ ವೇರಿಯಬಲ್‌ಗಳ ಮೌಲ್ಯ ತುಂಬಿಸಿ ತೋರಿಸುತ್ತದೆ. ಸೀಕ್ರೆಟ್ ಮುಟ್ಟುವ ಸಾಲುಗಳ ಮುಂಚೆ 'ಸೆಟ್ ಪ್ಲಸ್ ಎಕ್ಸ್' ಹಾಕಿ ನಿಲ್ಲಿಸಿ. ಕ್ಲೌಡ್ ಕಂಪನಿಗಳ ಕಮಾಂಡ್‌ಲೈನ್ ಸಾಧನಗಳೂ ಬಾಯಿಬಡುಕ. ಆ್ಯಪ್ ಸೆಟ್ಟಿಂಗ್ ಬದಲಿಸಿದರೆ ಇರುವ ಸೆಟ್ಟಿಂಗ್ ಎಲ್ಲವನ್ನೂ ಪರದೆಗೆ ಸುರಿಯುತ್ತಿದ್ದ ಅಜ್ಯೂರ್ ಸಿಎಲ್‌ಐ ಲೋಪಕ್ಕೆ 2023ರ ನವೆಂಬರ್‌ನಲ್ಲಿ ಸಿವಿಇ-2023-36052 ಬಂತು. ಇಂಥ ಆಜ್ಞೆಗಳ ಔಟ್‌ಪುಟ್ಟನ್ನು ಡೆವ್-ನಲ್‌ಗೆ (ಬಂದದ್ದನ್ನೆಲ್ಲ ಎಸೆದುಬಿಡುವ ಕಡೆಗೆ) ಕಳಿಸುವುದು ಒಳ್ಳೆಯದು.

ಇವೆಲ್ಲ ಅಕಸ್ಮಾತ್ ಆಗುವಂಥವು. ಬೇಕೆಂದೇ ಲಾಗ್ ಬಳಸಿಕೊಂಡ ಘಟನೆ 2025ರ ಮಾರ್ಚ್‌ನದು. 23,000ಕ್ಕೂ ಹೆಚ್ಚು ರೆಪಾಸಿಟರಿಗಳು ಬಳಸುತ್ತಿದ್ದ 'ಟಿಜೆ-ಆ್ಯಕ್ಷನ್ಸ್ ಚೇಂಜ್ಡ್-ಫೈಲ್ಸ್' ಎಂಬ ಆ್ಯಕ್ಷನ್ನಿನ ಆವೃತ್ತಿ ಟ್ಯಾಗ್‌ಗಳನ್ನು ದಾಳಿಕೋರರು ಒಂದು ದುಷ್ಟ ಕಮಿಟ್‌ನತ್ತ ತಿರುಗಿಸಿದರು. ಆ ಕೋಡ್ ರನ್ನರ್‌ನ ಮೆಮೊರಿಯಿಂದ ಸೀಕ್ರೆಟ್‌ಗಳನ್ನು ಹೆಕ್ಕಿ, ಎರಡು ಸಲ ಬೇಸ್64 ಮಾಡಿ, ಬಿಲ್ಡ್ ಲಾಗ್‌ಗೇ ಬರೆಯಿತು. ರೂಪ ಬದಲಾದ್ದರಿಂದ ನಕ್ಷತ್ರ ಬೀಳಲಿಲ್ಲ. ಸಾರ್ವಜನಿಕ ರೆಪಾಸಿಟರಿಯ ಲಾಗ್ ಯಾರು ಬೇಕಾದರೂ ಓದಬಹುದು. ಕದ್ದ ಮಾಲನ್ನು ಬೇರೆ ಸರ್ವರ್‌ಗೆ ಸಾಗಿಸುವ ಗೋಜೂ ಅವರಿಗಿರಲಿಲ್ಲ. ಇದರ ನಂಬರ್ ಸಿವಿಇ-2025-30066. ಟ್ಯಾಗ್ ಬದಲು ಪೂರ್ತಿ 40 ಅಕ್ಷರದ ಕಮಿಟ್ ಗುರುತನ್ನೇ ಬರೆದು, ಆ ದಿನಗಳಲ್ಲಿ ಅದನ್ನು ಬದಲಿಸದೆ ಇದ್ದವರು ಬಚಾವಾದರು. ಹೊರಗಿನ ಆ್ಯಕ್ಷನ್‌ಗಳಿಗೆಲ್ಲ ಹಾಗೇ ಮಾಡಿ.

ಪೋಸ್ಟ್‌ಗ್ರೆಸ್‌ನಲ್ಲಿ ಯೂಸರ್ ಪಾಸ್‌ವರ್ಡ್ ಬದಲಿಸಿದರೆ ಅದೂ ಲಾಗ್‌ಗೆ ಹೋಗುತ್ತದಂತೆ, ನಿಜವೇ?
— ಡೇಟಾಬೇಸ್ ನೋಡಿಕೊಳ್ಳುವವರು, ಹುಬ್ಬಳ್ಳಿ

ನಿಜ. ಲಾಗ್ ಸ್ಟೇಟ್‌ಮೆಂಟ್ ಸೆಟ್ಟಿಂಗ್ 'ಡಿಡಿಎಲ್' ಅಥವಾ ಅದಕ್ಕಿಂತ ಹೆಚ್ಚಿದ್ದರೆ ಆಲ್ಟರ್ ಯೂಸರ್ ಸಾಲು ಪಾಸ್‌ವರ್ಡ್ ಸಮೇತ ಬೀಳುತ್ತದೆ. ಆ ಸೆಟ್ಟಿಂಗ್ ಪೂರ್ತಿ ಆಫ್ ಇದ್ದರೂ, ಅವಸರದಲ್ಲಿ ಒಂದಕ್ಷರ ತಪ್ಪು ಒತ್ತಿದಿರಿ ಎಂದುಕೊಳ್ಳಿ: ಎರರ್ ಆದ ಸ್ಟೇಟ್‌ಮೆಂಟನ್ನು ಬರೆಯುವುದು ಪೋಸ್ಟ್‌ಗ್ರೆಸ್‌ನ ಮಾಮೂಲಿ ಸೆಟ್ಟಿಂಗ್. ಪೋಸ್ಟ್‌ಗ್ರೆಸ್‌ಗೆ ಆಜ್ಞೆ ಕೊಡುವ ಸಾಧನ ಪಿಎಸ್‌ಕ್ಯುಎಲ್‌ನೊಳಗೆ ಹಿಂಗೆರೆ (ಬ್ಯಾಕ್‌ಸ್ಲ್ಯಾಶ್) ಹಾಕಿ 'ಪಾಸ್‌ವರ್ಡ್' ಎಂಬ ಆಜ್ಞೆ ಕೊಡಿ. ಅದು ಹೊಸ ಪಾಸ್‌ವರ್ಡನ್ನು ನಿಮ್ಮ ಕಂಪ್ಯೂಟರ್‌ನಲ್ಲೇ ಹ್ಯಾಶ್ ಮಾಡಿ ಕಳಿಸುತ್ತದೆ. ಮೈಎಸ್‌ಕ್ಯುಎಲ್ ಈ ವಿಷಯದಲ್ಲಿ ಜಾಣ. ಜನರಲ್ ಲಾಗ್‌ನಲ್ಲಿ ಪಾಸ್‌ವರ್ಡ್ ಇರುವ ಸ್ಟೇಟ್‌ಮೆಂಟನ್ನು ತಿದ್ದಿ ಬರೆಯುತ್ತದೆ, ವ್ಯಾಕರಣ ತಪ್ಪಿದ ಸಾಲನ್ನು ಬರೆಯುವುದೇ ಇಲ್ಲ. ಲಾಗ್-ರಾ ಎಂಬ ಆಯ್ಕೆ ಹಾಕದಿದ್ದರೆ ಮಾತ್ರ.

ಆಂಡ್ರಾಯ್ಡ್ ಆ್ಯಪ್‌ನ ಲಾಗ್‌ಕ್ಯಾಟ್ (ಫೋನಿನೊಳಗಿನ ಲಾಗ್) ನೋಡಲು ಫೋನ್ ಕೈಯಲ್ಲೇ ಇರಬೇಕು. ಅಲ್ಲಿ ಟೋಕನ್ ಕಂಡರೆ ಏನು ತೊಂದರೆ?
— ಆ್ಯಪ್ ತಯಾರಕರು, ಉಡುಪಿ

2012ರ ಆಂಡ್ರಾಯ್ಡ್ 4.1ರಿಂದ ಈಚೆಗೆ ಒಂದು ಆ್ಯಪ್ ಇನ್ನೊಂದರ ಲಾಗ್ ಓದಲು ಆಗುವುದಿಲ್ಲ, ಆ ಮಟ್ಟಿಗೆ ನೀವು ಹೇಳಿದ್ದು ಸರಿ. ಆದರೆ ಯುಎಸ್‌ಬಿ ಡಿಬಗ್ಗಿಂಗ್ ಆನ್ ಇದ್ದ ಫೋನ್ ರಿಪೇರಿ ಅಂಗಡಿಗೆ ಹೋಗುತ್ತದೆ. ಬಳಕೆದಾರರೇ ಬಗ್ ರಿಪೋರ್ಟ್ ತೆಗೆದು ವಾಟ್ಸ್‌ಆ್ಯಪ್‌ನಲ್ಲಿ ನಿಮಗೆ ಕಳಿಸುತ್ತಾರೆ. ಕ್ರ್ಯಾಶ್ ವರದಿ ಲೈಬ್ರರಿಗೆ ಆ್ಯಪ್‌ನ ಸ್ವಂತ ಲಾಗ್ ಸಿಗುತ್ತದೆ. ಹೆಚ್ಚಾಗಿ ಕಾಣುವ ತಪ್ಪು ನೆಟ್‌ವರ್ಕ್ ಲೈಬ್ರರಿ ಓಕೆಎಚ್‌ಟಿಟಿಪಿಯ ಲಾಗಿಂಗ್ ಇಂಟರ್‌ಸೆಪ್ಟರನ್ನು 'ಬಾಡಿ' ಮಟ್ಟದಲ್ಲೇ ಬಿಟ್ಟು ರಿಲೀಸ್ ಮಾಡುವುದು. ಅದರ ರಿಡ್ಯಾಕ್ಟ್‌ಹೆಡರ್ ಹೆಡರನ್ನಷ್ಟೇ ಮುಚ್ಚುತ್ತದೆ, ಲಾಗಿನ್ ಉತ್ತರದ ಒಡಲಿನಲ್ಲಿ ಬರುವ ರಿಫ್ರೆಶ್ ಟೋಕನ್ ಹಾಗೇ ಬೀಳುತ್ತದೆ. ರಿಲೀಸ್ ಬಿಲ್ಡ್‌ನಲ್ಲಿ ಇಂಟರ್‌ಸೆಪ್ಟರ್ ಸೇರಿಸಲೇಬೇಡಿ. ಡಿಬಗ್ ಬಿಲ್ಡ್‌ನ ಡಿಪೆಂಡೆನ್ಸಿಯಾಗಿ ಮಾತ್ರ ಇಟ್ಟರೆ ಮರೆತರೂ ಕಂಪೈಲರ್ ನೆನಪಿಸುತ್ತದೆ.

ಮೂರು ತಿಂಗಳ ಲಾಗ್‌ನಲ್ಲಿ ಪ್ರೊಡಕ್ಷನ್ ಡೇಟಾಬೇಸ್ ಪಾಸ್‌ವರ್ಡ್ ಮತ್ತು ಎಡಬ್ಲ್ಯುಎಸ್ (ಅಮೆಜಾನ್ ಕ್ಲೌಡ್) ಕೀ ಸಿಕ್ಕಿವೆ. ಲಾಗ್ ಅಳಿಸಲು ಶುರು ಮಾಡಿದ್ದೇವೆ. ಸರಿಯಾದ ಕ್ರಮ ಯಾವುದು? ಲಾಗ್ ಇಡಲೇಬೇಕೆಂಬ ಸರ್ಕಾರಿ ನಿಯಮವೂ ಇದೆಯಲ್ಲ?
— ಟೀಮ್ ಲೀಡ್, ಕಲಬುರಗಿ

ಅಳಿಸುವುದನ್ನು ಈಗಲೇ ನಿಲ್ಲಿಸಿ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ ಆದೀತು, ಜೊತೆಗೆ ಕಳ್ಳನ ಹೆಜ್ಜೆ ಗುರುತೂ ಅಳಿಸಿಹೋದೀತು.

ಮೊದಲ ಕೆಲಸ ಸೋರುತ್ತಿರುವ ಸಾಲನ್ನು ಬಂದ್ ಮಾಡುವುದು. ಇದನ್ನು ಬಿಟ್ಟು ಕೀ ಬದಲಿಸಿದರೆ ಹೊಸ ಕೀ ಕೂಡ ಅರ್ಧ ಗಂಟೆಯಲ್ಲಿ ಅದೇ ಲಾಗ್‌ನಲ್ಲಿ ಕೂರುತ್ತದೆ. ಸರಿಪಡಿಸಲು ಹೊತ್ತು ಹಿಡಿಯುವುದಾದರೆ ಸದ್ಯಕ್ಕೆ ಆ ಲಾಗರ್‌ನ ಮಟ್ಟ ಇಳಿಸಿ.

ಎರಡನೆಯದು ಕೀ ಬದಲಾವಣೆ, ಅದೇ ದಿನ. ಎಡಬ್ಲ್ಯುಎಸ್‌ನಲ್ಲಿ ಒಬ್ಬ ಐಎಎಂ ಯೂಸರ್‌ಗೆ ಏಕಕಾಲಕ್ಕೆ ಎರಡು ಆಕ್ಸೆಸ್ ಕೀ ಇರಬಹುದು. ಹೊಸದನ್ನು ಸೃಷ್ಟಿಸಿ, ಎಲ್ಲ ಸೇವೆಗೂ ಹಂಚಿ, ಹಳೆಯದನ್ನು ಮೊದಲು ನಿಷ್ಕ್ರಿಯ ಮಾಡಿ. ಯಾವ ಸೇವೆಯೂ ಕೂಗಾಡದಿದ್ದರೆ ಆಮೇಲೆ ಅಳಿಸಿ. ಮೈಎಸ್‌ಕ್ಯುಎಲ್ 8.0.14ರಿಂದ ಒಂದೇ ಖಾತೆಗೆ ಹಳೆಯ, ಹೊಸ ಎರಡೂ ಪಾಸ್‌ವರ್ಡ್ ಸ್ವಲ್ಪ ಕಾಲ ನಡೆಯುವಂತೆ 'ರಿಟೇನ್ ಕರೆಂಟ್ ಪಾಸ್‌ವರ್ಡ್' ಎನ್ನಬಹುದು. ಪೋಸ್ಟ್‌ಗ್ರೆಸ್‌ನಲ್ಲಿ ಈ ಸೌಕರ್ಯವಿಲ್ಲ. ಅದೇ ಅಧಿಕಾರವಿರುವ ಎರಡನೇ ಯೂಸರ್ ಮಾಡಿ, ಸೇವೆಗಳನ್ನು ಅದಕ್ಕೆ ಸಾಗಿಸಿ, ಮೊದಲನೆಯದಕ್ಕೆ ಲಾಗಿನ್ ತೆಗೆಯಿರಿ.

ಮೂರನೆಯದು ಯಾರಾದರೂ ಬಳಸಿದ್ದಾರೆಯೇ ಎಂಬ ತನಿಖೆ. ಎಡಬ್ಲ್ಯುಎಸ್ ಬಳಕೆಯನ್ನು ದಾಖಲಿಸುವ ಕ್ಲೌಡ್‌ಟ್ರೇಲ್‌ನ ಈವೆಂಟ್ ಹಿಸ್ಟರಿಯಲ್ಲಿ ಸಿಗುವುದು ಹಿಂದಿನ 90 ದಿನ. ನಿಮ್ಮದು ಮೂರು ತಿಂಗಳ ಸಂಗತಿ, ಅಂದರೆ ಒಂದೊಂದು ದಿನ ಕಳೆದಂತೆ ಒಂದೊಂದು ದಿನದ ಸಾಕ್ಷ್ಯ ಜಾರುತ್ತಿದೆ. ಇವತ್ತೇ ಇಳಿಸಿಕೊಂಡು ಇಟ್ಟುಕೊಳ್ಳಿ. ಆ ಕೀ ಯಾವ ಐಪಿ ವಿಳಾಸಗಳಿಂದ ಬಳಕೆಯಾಗಿದೆ ನೋಡಿ. ಲಾಗ್ ವ್ಯವಸ್ಥೆಗೆ ಯಾರ್ಯಾರಿಗೆ ಪ್ರವೇಶವಿದೆ, ಅವರು ಏನು ಹುಡುಕಿದ್ದಾರೆ ಎಂಬುದನ್ನೂ ನೋಡಿ.

ಕೊನೆಗೆ ಸ್ವಚ್ಛತೆ. ಇಲ್ಲಿ ಜನ ಸೋಲುವುದು ಪ್ರತಿಗಳ ಲೆಕ್ಕದಲ್ಲಿ. ಸರ್ವರ್ ಮೇಲಿನ ಫೈಲ್, ತಿರುಗಿಸಿ ಜಿಜಿಪ್ ಮಾಡಿದ ಹಳೆಯ ಫೈಲ್‌ಗಳು, ಫ್ಲುಯೆಂಟ್‌ಡಿಯ ಬಫರ್, ಕಾಫ್ಕಾ ಟಾಪಿಕ್, ಎಲಾಸ್ಟಿಕ್‌ಸರ್ಚ್, ಅದರ ಸ್ನ್ಯಾಪ್‌ಶಾಟ್, ಎಸ್3 ಬಕೆಟ್, ಹೊರಗಿನ ಲಾಗ್ ಸೇವೆ, ಯಾರೋ 'ಸ್ವಲ್ಪ ನೋಡ್ತೀನಿ' ಎಂದು ಲ್ಯಾಪ್‌ಟಾಪಿಗೆ ಇಳಿಸಿಕೊಂಡ ತುಣುಕು, ಚಾಟ್‌ನಲ್ಲಿ ಅಂಟಿಸಿದ ಸ್ಟ್ಯಾಕ್ ಟ್ರೇಸ್. ಕಾಫ್ಕಾ ಮಾಮೂಲಿಯಾಗಿ 168 ಗಂಟೆ ಇಟ್ಟುಕೊಳ್ಳುತ್ತದೆ. ಎಲಾಸ್ಟಿಕ್‌ಸರ್ಚ್‌ನಲ್ಲಿ ಅಳಿಸಿದ್ದು ಸೆಗ್ಮೆಂಟ್ ಮರ್ಜ್ ಆಗುವವರೆಗೆ ಡಿಸ್ಕ್ ಮೇಲೇ ಇರುತ್ತದೆ. ಎಸ್3ನಲ್ಲಿ ವರ್ಷನಿಂಗ್ ಆನ್ ಇದ್ದರೆ ಅಳಿಸಿದಾಗ ಒಂದು ಗುರುತು ಬೀಳುತ್ತದಷ್ಟೆ, ಹಳೆಯ ಆವೃತ್ತಿ ಉಳಿದಿರುತ್ತದೆ. ಎಲ್ಲ ಪ್ರತಿಯೂ ಸಿಕ್ಕಿತು ಎಂಬ ಧೈರ್ಯ ಎಂದೂ ಬಾರದು. ಕೀ ಬದಲಾವಣೆಯನ್ನು ಮುಂದೆ ಇಟ್ಟದ್ದು ಅದಕ್ಕೇ. ಸತ್ತ ಕೀ ಲಾಗ್‌ನಲ್ಲಿದ್ದರೆ ಅದು ಬರೀ ಕಸ.

ನಿಯಮದ ವಿಷಯ. 2022ರ ಏಪ್ರಿಲ್ 28ರ ಸರ್ಟ್-ಇನ್ (ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ) ನಿರ್ದೇಶನದ ಪ್ರಕಾರ ಐಸಿಟಿ ವ್ಯವಸ್ಥೆಗಳ ಲಾಗನ್ನು 180 ದಿನ ಭಾರತದೊಳಗೆ ಇಡಬೇಕು. ಡೇಟಾ ಸೋರಿಕೆಯಂಥ ಘಟನೆಯನ್ನು ಗಮನಕ್ಕೆ ಬಂದ 6 ಗಂಟೆಯೊಳಗೆ ತಿಳಿಸಬೇಕು. ಲಾಗ್ ಇಡಿ ಎನ್ನುತ್ತದೆಯೇ ಹೊರತು ಅದರಲ್ಲಿ ಪಾಸ್‌ವರ್ಡ್ ಇರಲಿ ಎನ್ನುವುದಿಲ್ಲ. ಆದ್ದರಿಂದ ಇಡೀ ದಿನದ ಫೈಲ್ ಎಸೆಯಬೇಡಿ. ಆ ಮೌಲ್ಯವನ್ನಷ್ಟೇ ಮುಚ್ಚಿ, ಸಮಯ, ಐಪಿ, ಘಟನೆ ಉಳಿಸಿ, ಯಾರು ಯಾವಾಗ ಏನು ತಿದ್ದಿದರು ಎಂದು ಬರೆದಿಡಿ. ತನಿಖೆ ಮುಗಿಯುವವರೆಗೆ ಮೂಲ ಪ್ರತಿಯೊಂದನ್ನು ಗೂಢಲಿಪಿಯಲ್ಲಿ ಇಬ್ಬರಿಗಿಂತ ಹೆಚ್ಚು ಮಂದಿ ಮುಟ್ಟದ ಕಡೆ ಇಡಿ. 6 ಗಂಟೆಯ ಗಡಿಯಾರ ನಿಮ್ಮ ಪ್ರಕರಣಕ್ಕೆ ಅನ್ವಯಿಸುತ್ತದೆಯೇ ಎಂದು ಕಂಪನಿಯ ಕಾನೂನು ಸಲಹೆಗಾರರನ್ನು ಇವತ್ತೇ ಕೇಳಿ, ನಾಳೆಗೆ ಬೇಡ.

ಗ್ರಾಹಕರು ದೂರಿನ ಜೊತೆ ಕಳಿಸುವ ಎಚ್‌ಎಆರ್ ಫೈಲ್‌ನಲ್ಲೂ ಇದೇ ಅಪಾಯವಿದೆಯೇ?
— ಸಪೋರ್ಟ್ ಎಂಜಿನಿಯರ್, ಮ್ಯೂನಿಕ್

ಇದೆ, ಇನ್ನೂ ಹೆಚ್ಚು. ಅದು ಬ್ರೌಸರ್ ಮಾಡಿದ ಪ್ರತಿ ರಿಕ್ವೆಸ್ಟ್‌ನ ದಾಖಲೆ, ಕುಕಿಗಳ ಸಮೇತ. ಜೀವಂತ ಸೆಷನ್ ಕುಕಿ ಕೈಗೆ ಸಿಕ್ಕರೆ ಪಾಸ್‌ವರ್ಡೂ ಬೇಡ, ಒಟಿಪಿಯೂ ಬೇಡ. 2023ರ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಕಂಪನಿಗಳಿಗೆ ಲಾಗಿನ್ ಸೇವೆ ಕೊಡುವ ಓಕ್ಟಾದ ಸಪೋರ್ಟ್ ವ್ಯವಸ್ಥೆಗೆ ನುಗ್ಗಿದವರು 134 ಗ್ರಾಹಕರ ಫೈಲ್‌ಗಳನ್ನು ಮುಟ್ಟಿದರು; ಎಚ್‌ಎಆರ್ ಫೈಲ್‌ಗಳಲ್ಲಿದ್ದ ಟೋಕನ್‌ನಿಂದ 5 ಗ್ರಾಹಕರ ಸೆಷನ್‌ಗಳಿಗೆ ಹೊಕ್ಕರು. ಈಗಿನ ಕ್ರೋಮ್ ಮಾಮೂಲಿಯಾಗಿ ಕುಕಿ, ಅಥರೈಸೇಶನ್ ಹೆಡರ್ ತೆಗೆದೇ ಎಚ್‌ಎಆರ್ ಕೊಡುತ್ತದೆ, ಆದರೆ ಲಾಗಿನ್ ಫಾರ್ಮಿನ ಒಡಲಿನ ಮೇಲೆ ಭರವಸೆ ಇಡಬೇಡಿ. ಲಾಗಿನ್ ಆದ ಮೇಲೆ ರೆಕಾರ್ಡಿಂಗ್ ಶುರು ಮಾಡಿ, ಮುಗಿದ ಕೂಡಲೇ ಲಾಗೌಟ್ ಆಗಿ, ಆಮೇಲೆ ಫೈಲ್ ಕಳಿಸಿ ಎಂದು ಗ್ರಾಹಕರಿಗೆ ಹೇಳಿಕೊಡಿ. ಲಾಗೌಟ್ ಆದಾಗ ಸರ್ವರ್ ಆ ಸೆಷನ್ನನ್ನು ನಿಜವಾಗಿ ಕೊಲ್ಲುತ್ತದೆಯೇ ಎಂದು ನೀವು ಮೊದಲು ಖಚಿತ ಮಾಡಿಕೊಳ್ಳಿ.

ಬಳಕೆದಾರರು ಯೂಸರ್‌ನೇಮ್ ಜಾಗದಲ್ಲಿ ಪಾಸ್‌ವರ್ಡ್ ಒತ್ತಿಬಿಟ್ಟರೆ?
— ಓದುಗರೊಬ್ಬರು, ತುಮಕೂರು

ಹಳೆಯ ಯುನಿಕ್ಸ್ ಕಾಲದ ಸಮಸ್ಯೆ. ಲಿನಕ್ಸ್‌ನ ಲಾಗಿನ್ ಸೆಟ್ಟಿಂಗ್ ಫೈಲ್‌ನಲ್ಲಿ ಗೊತ್ತಿಲ್ಲದ ಯೂಸರ್‌ನೇಮನ್ನು ಲಾಗ್‌ಗೆ ಬರೆಯಬೇಕೇ ಎಂಬ ಆಯ್ಕೆಯನ್ನು ಇದಕ್ಕೆಂದೇ ಇಟ್ಟಿದ್ದಾರೆ, 'ನೋ' ಇರಲಿ. ನಿಮ್ಮ ವೆಬ್ ಆ್ಯಪ್‌ನಲ್ಲೂ ಅದೇ ನೀತಿ: ಡೇಟಾಬೇಸ್‌ನಲ್ಲಿ ಇರುವ ಹೆಸರಾದರೆ ಬರೆಯಿರಿ, ಇಲ್ಲದ ಹೆಸರಾದರೆ 'ಅಪರಿಚಿತ' ಎಂದಷ್ಟೇ ಬರೆಯಿರಿ.

ರಿಲೀಸ್‌ಗೆ ಮುಂಚೆಯೇ ಇಂಥ ಸೋರಿಕೆ ಹಿಡಿಯುವ ಅಗ್ಗದ ಉಪಾಯವಿದೆಯೇ? ನಮ್ಮದು ನಾಲ್ಕು ಜನರ ಕಂಪನಿ.
— ದಾವಣಗೆರೆ

ಇದೆ, ಖರ್ಚಿಲ್ಲದ್ದು. ಟೆಸ್ಟ್ ಪರಿಸರದ ಪ್ರತಿ ಸೀಕ್ರೆಟ್‌ಗೂ ಬೇರೆಲ್ಲೂ ಹುಟ್ಟಲಾರದ ಒಂದು ಗುರುತಿನ ಮೌಲ್ಯ ಕೊಡಿ. ಟೆಸ್ಟ್ ಬಳಕೆದಾರನ ಪಾಸ್‌ವರ್ಡ್ 'ಸೋರಿದೆ' ಎಂಬರ್ಥದ ಒಂದು ವಿಚಿತ್ರ ಪದ ಮತ್ತು 8 ಅಂಕಿ. ಡೇಟಾಬೇಸ್ ಪಾಸ್‌ವರ್ಡ್‌ಗೆ ಅದೇ ಪದ, ಬೇರೆ 8 ಅಂಕಿ. ಗೇಟ್‌ವೇ ಕೀಗೆ ಇನ್ನೊಂದು. ಅಂಕಿ ಬೇರೆಬೇರೆ ಇರಬೇಕು, ಯಾವುದು ಸೋರಿತೆಂದು ನೋಡಿದ ಕೂಡಲೇ ತಿಳಿಯುತ್ತದೆ. ಲಾಗ್ ಮಟ್ಟವನ್ನು ಡಿಬಗ್‌ಗೆ ಏರಿಸಿ ಟೆಸ್ಟ್‌ಗಳನ್ನೆಲ್ಲ ಓಡಿಸಿ. ಯಶಸ್ವಿ ದಾರಿ ಮಾತ್ರ ಸಾಲದು: ತಪ್ಪು ಪಾಸ್‌ವರ್ಡ್ ಹಾಕಿ, ಡೇಟಾಬೇಸ್ ನಿಲ್ಲಿಸಿ, ಗೇಟ್‌ವೇ ವಿಳಾಸ ಕೆಡಿಸಿ, ಅರ್ಧ ಜೇಸನ್ ಕಳಿಸಿ. ಮುಗಿದ ಮೇಲೆ ಎಲ್ಲ ಲಾಗ್‌ಗಳಲ್ಲಿ, ವೆಬ್ ಸರ್ವರ್‌ದೂ ಡೇಟಾಬೇಸ್‌ನದೂ ಸೇರಿಸಿ, ಆ ಪದವನ್ನು ಗ್ರೆಪ್ ಮಾಡಿ. ಅದರ ಬೇಸ್64 ರೂಪ, ಯುಆರ್‌ಎಲ್ ರೂಪವನ್ನೂ ಹುಡುಕಿ. ಬೇಸ್64ನಲ್ಲಿ ಪದ ಶುರುವಾಗುವ ಜಾಗದ ಮೇಲೆ ಮೂರು ಬೇರೆ ರೂಪ ಬರುತ್ತವೆ, ಮೂರನ್ನೂ ಪಟ್ಟಿಯಲ್ಲಿ ಹಾಕಿ. ಒಂದು ಸಿಕ್ಕರೂ ಬಿಲ್ಡ್ ಫೇಲ್.

ಪ್ರೊಡಕ್ಷನ್ ಲಾಗ್ ಮೇಲೆ ವಾರಕ್ಕೊಮ್ಮೆ ಸೀಕ್ರೆಟ್ ಹುಡುಕುವ ಸಾಧನಗಳಾದ ಗಿಟ್‌ಲೀಕ್ಸ್ ಅಥವಾ ಟ್ರಫಲ್‌ಹಾಗ್ ಓಡಿಸಿ, ಎರಡೂ ಉಚಿತ. ಕಣ್ಣಲ್ಲೇ ಹುಡುಕುವುದಾದರೆ ಎರಡು ಗುರುತು ನೆನಪಿಡಿ: ಎಡಬ್ಲ್ಯುಎಸ್‌ನ ದೀರ್ಘಾವಧಿ ಆಕ್ಸೆಸ್ ಕೀ 'ಎ-ಕೆ-ಐ-ಎ' ಎಂಬ ನಾಲ್ಕು ದೊಡ್ಡಕ್ಷರಗಳಿಂದ ಶುರುವಾಗಿ ಒಟ್ಟು 20 ಅಕ್ಷರ ಇರುತ್ತದೆ; ಜೆಡಬ್ಲ್ಯುಟಿ ಟೋಕನ್ ಸಣ್ಣ ಇ, ಸಣ್ಣ ವೈ, ದೊಡ್ಡ ಜೆ ಎಂದು ಶುರುವಾಗಿ ನಡುವೆ ಎರಡು ಚುಕ್ಕಿ ಇಟ್ಟುಕೊಂಡಿರುತ್ತದೆ.